ಮಂಚದ ಕೆಳಗಿನ ಕಾವು

ಕೆಂಪಿ ಕೋಳಿಯನ್ನು ರಕೂನು ಎಂಬ ಇಲ್ಲಿನ ಕಾಡುಪ್ರಾಣಿ ಹೊತ್ತುಕೊಂಡು ಹೋಯಿತು ಎಂದು ಬಂಗಾರೆವ್ವ ಮಗನಿಗೆ ಹೇಳಿದಳು. ಹೇಳುವ ಮೊದಲು ಹಿತ್ತಲಿನ ಬೇಲಿಯ ಬುಡದಲ್ಲಿ ಎರಡು ಕೆಂಪು ಪುಕ್ಕಗಳನ್ನು ತಾನೇ ಉದುರಿಸಿ ಬಂದಿದ್ದಳು. ಉಣ್ಣದೆ ಉಂಡೆ ಅನ್ನುವುದು, ಮೊಣಕಾಲು ನೋಯುತ್ತಿದ್ದರೂ ಇಲ್ಲ ಅನ್ನುವುದು, ಇಂಥ ಸುಳ್ಳುಗಳು ಆಕೆಗೆ ಹೊಸವಲ್ಲ. ಪುಕ್ಕ ಉದುರಿಸಿ ಸುಳ್ಳು ಹೇಳಿದ್ದು ಮಾತ್ರ ಇದೇ ಮೊದಲು.

ಶಶಿಧರ ಮಳೆಯಲ್ಲಿ ನಿಂತೇ ಪುಕ್ಕಗಳನ್ನು ನೋಡಿದ. "ಹೋಗ್ಲಿ ಬಿಡವ್ವ, ಹೆಂಗೂ ಕೊಡೂದಿತ್ತಲ್ಲ" ಅಂದ. ಉಳಿದ ನಾಲ್ಕು ಕೋಳಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಸಿಕೊಂಡು ಲಿವರ್‌ಮೋರಿನ ವೆಂಕಟೇಶನ ಮನೆಗೆ ಬಿಟ್ಟು ಬರಲು ಹೊರಟ. ವೆಂಕಟೇಶ ಅವನ ಆಫೀಸಿನ ಗೆಳೆಯ, ಮೈಸೂರಿನ ಕಡೆಯವನು. ಮನೆಯ ಹಿಂದೆ ದೊಡ್ಡ ಜಾಗವಿತ್ತು. ಅಲ್ಲಿ ಅವನ ತಾಯಿ ತಾಯಮ್ಮ ಹುಂಜದ ಸಮೇತ ಒಂದು ಹಿಂಡು ಕೋಳಿ ಸಾಕಿದ್ದರು.

ಕೋಳಿ ಕೊಡಬೇಕಾಗಿ ಬಂದದ್ದು ಯಜಮಾನನ ಎದೆಯ ದೆಸೆಯಿಂದ. ಸೋಮಲಿಂಗಪ್ಪ ಗದಗಿನಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದ ಮನುಷ್ಯ. ನಾಲ್ಕು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಸಮುದ್ರ ದಾಟಿ ಡ್ಯಾನ್‌ವಿಲ್ಲಿನ ಮಗನ ಮನೆಗೆ ಬಂದರು. ಬಂದ ತಿಂಗಳೊಪ್ಪತ್ತಿನಲ್ಲೇ ಆತನಿಗೆ ಕೈ ಕಟ್ಟಿಹಾಕಿದಂತಾಯಿತು. ಹಳೇ ಹಲಗೆ ಹೊಂದಿಸಿ ಹಿತ್ತಲಿನಲ್ಲಿ ತಾನೇ ಗೂಡು ಕಟ್ಟಿದ, ಐದು ಹೇಟೆ ತರಿಸಿಕೊಂಡ. ಬೆಳಿಗ್ಗೆ ಚಹದ ಲೋಟ ಹಿಡಿದು ಗೂಡಿನ ಮುಂದೆ ಕುಳಿತನೆಂದರೆ ಬಿಸಿಲು ಏರುವ ತನಕ ಅವುಗಳ ಜೊತೆ ಮಾತು. ಸೊಸೆ ನಿವೇದಿತಾ ಬೆಂಗಳೂರಿನವಳು. "ಮಾವ ನಮ್ಮ ಹತ್ರ ಒಂದು ವಾರಕ್ಕೆ ಆಡೋ ಮಾತನ್ನ ಕೋಳಿ ಹತ್ರ ಒಂದು ಗಂಟೇಲಿ ಆಡ್ತಾರೆ" ಎಂದು ನಗುತ್ತಿದ್ದಳು.

ದಸರಾ ಕಳೆದ ಮೇಲೆ ಕೆಮ್ಮು ಹಿಡಿಯಿತು. ಮೊದಲು ಶುಂಠಿ ಕಷಾಯ, ಆಮೇಲೆ ಮಾತ್ರೆ, ಆಮೇಲೆ ವಾಲ್ನಟ್ ಕ್ರೀಕಿನ ದೊಡ್ಡ ಡಾಕ್ಟರು. ಅವರು ಸ್ಕ್ಯಾನು ಮಾಡಿ, ಮನೆಯಲ್ಲಿ ಹಕ್ಕಿಗಳಿವೆಯೇ ಎಂದು ಕೇಳಿದರಂತೆ. ಆ ಸಂಜೆ ಶಶಿಧರ ರೊಟ್ಟಿ ಮುರಿಯುತ್ತಾ ಎಲ್ಲರಿಗೂ ಬಿಡಿಸಿ ಹೇಳಿದ: ಕೋಳಿಯ ಧೂಳು ಅಪ್ಪನ ಲಂಗ್ಸಿಗೆ ಆಗಿಬರುವುದಿಲ್ಲ, ಒಳಗೆ ಹೋಗಿ ಎದೆಯನ್ನು ಗಟ್ಟಿ ಮಾಡುತ್ತಿದೆ, ಇನ್ನು ಈ ಮನೆಯಲ್ಲಿ ಕೋಳಿಯ ಸುಳಿವೂ ಇರಕೂಡದು.

ಧೂಳು ಅನ್ನುವ ಒಂದು ಮಾತನ್ನು ಬಂಗಾರೆವ್ವ ಗಟ್ಟಿಯಾಗಿ ಹಿಡಿದುಕೊಂಡಳು. ಕೋಳಿ ಕೆದರಿದರೆ ಧೂಳು, ರೆಕ್ಕೆ ಬಡಿದರೆ ಧೂಳು. ಅದನ್ನು ಚಿಕ್ಕಂದಿನಿಂದ ಕಂಡವಳು ಆಕೆ. ಕಾವಿಗೆ ಕೂತ ಹೇಟೆ ಕೆದರುವುದಿಲ್ಲ, ಹಾರುವುದಿಲ್ಲ. ದಿನಕ್ಕೊಮ್ಮೆ ಎದ್ದು ಕಾಳು ನೀರು ಮುಟ್ಟಿ ಮತ್ತೆ ಮೊಟ್ಟೆಯ ಮೇಲೆ ಕೂತರೆ ಕಲ್ಲು. ಆ ಹೊತ್ತಿಗೆ ಕೆಂಪಿ ಹಿತ್ತಲಿನ ಮರದ ಜಗಲಿಯ, ಅಂದರೆ ಡೆಕ್ಕಿನ ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ ಕಾವಿಗೆ ಕೂತಿತ್ತು.

ಮೊಟ್ಟೆ ತಾಯಮ್ಮ ಕೊಟ್ಟದ್ದು. ಈ ಬೀದಿಯಲ್ಲಿ ಹುಂಜ ಕೂಗುವ ಹಾಗಿಲ್ಲ. ಹಾಗಾಗಿ ನಾಲ್ಕು ವರ್ಷ ಕೋಳಿ ಸಾಕಿದರೂ ಸೋಮಲಿಂಗಪ್ಪ ಒಂದು ಮರಿಯ ಮುಖ ಕಂಡಿರಲಿಲ್ಲ. ಅದನ್ನೇ ಹೇಳಿಕೊಂಡು ಕೊರಗುತ್ತಿದ್ದ. ಕೆಂಪಿ ಕಾವಿಗೆ ಕೂಡುವ ಲಕ್ಷಣ ತೋರಿಸಿದ್ದೇ ತಡ, ಬಂಗಾರೆವ್ವ ತಾಯಮ್ಮನಿಗೆ ಫೋನು ಮಾಡಿದ್ದಳು. "ಈಗ ಬ್ಯಾಡ ಕಣವ್ವ" ಅಂದಿದ್ದರು ತಾಯಮ್ಮ. "ಇಲ್ಲಿ ಚಳಿಗಾಲಾನೇ ಮಳೆಗಾಲ. ಕೋಳಿ ಚಳಿ ಎಷ್ಟಾದ್ರೂ ತಡೀತವೆ, ಒದ್ದೆ ಮಾತ್ರ ತಡೆಯಾಕಿಲ್ಲ. ಯುಗಾದಿ ಕಳೀಲಿ, ಕೊಡ್ತೀನಿ." ಬಂಗಾರೆವ್ವ ಕೇಳಲಿಲ್ಲ. ಏಳು ಮೊಟ್ಟೆ ಇಸಿದುಕೊಂಡು, ಮಗನ ಮನೆಯ ಕಾಗದ ಕತ್ತರಿಸುವ ಯಂತ್ರದ ಚೂರುಗಳನ್ನು ಬುಟ್ಟಿಗೆ ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬಾರ್ಬೆಕ್ಯೂ ಚೀಲದ ಒಂದು ಇದ್ದಿಲು, ಒಂದು ಮೊಳೆ ಇಟ್ಟು ಕೆಂಪಿಯನ್ನು ಕೂಡಿಸಿದ್ದಳು.

ಡಾಕ್ಟರ ಮಾತು ಬಂದದ್ದು ಅದಾದ ನಾಲ್ಕನೆಯ ದಿನ. ಕಾವಿನಿಂದ ಎಬ್ಬಿಸಿದರೆ ಏಳು ಜೀವದ ಪಾಪ. ಮೂರು ವಾರದ ಮಾತಲ್ಲವೇ, ಮರಿ ಆದ ಮೇಲೆ ಎಲ್ಲವನ್ನೂ ತಾಯಮ್ಮನಿಗೆ ಕೊಟ್ಟರಾಯಿತು ಎಂದುಕೊಂಡಳು. ಹಾಗೆ ಹುಟ್ಟಿತು ರಕೂನಿನ ಕಥೆ.

ಅದರ ಮರುದಿನದಿಂದ ಮಳೆ ಹಗಲಿರುಳು ಹಿಡಿಯಿತು. ಹಿತ್ತಲಿನ ಹುಲ್ಲು ಕೆಸರಾಯಿತು, ನೀರು ಡೆಕ್ಕಿನ ಕೆಳಗೆ ಹರಿದು ಬಂತು. ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದಾಗ ಬಂಗಾರೆವ್ವ ಮಂಡಿಯೂರಿ ಬುಟ್ಟಿಯನ್ನು ಎಳೆದಳು. ತಳ ಒದ್ದೆ. ಕೆಂಪಿ ಪುಕ್ಕ ಅರಳಿಸಿ ಮೊಟ್ಟೆಗಳನ್ನು ಅವುಚಿಕೊಂಡು ಕೂತಿತ್ತು, ಕೊಕ್ಕೊಕ್ ಅನ್ನಲೂ ಇಲ್ಲ. ಎತ್ತಿಕೊಂಡು ಒಳಗೆ ಬಂದವಳು ಎಲ್ಲಿಡಲಿ ಎಂದು ಗೊತ್ತಾಗದೆ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಳು.

ಸೋಮಲಿಂಗಪ್ಪ ಮಂಚದ ಮೇಲೆ ಒರಗಿದ್ದ. ಹೊಸ ಮಾತ್ರೆಯಿಂದ ಆತನಿಗೆ ಹಸಿವು ಹೆಚ್ಚಿತ್ತು, ಮುಖ ತುಂಬಿಕೊಂಡಿತ್ತು, ಕೆಮ್ಮು ತಗ್ಗಿತ್ತು. ಬುಟ್ಟಿ ನೋಡಿ ಕಣ್ಣು ಅರಳಿದವು.

"ರಕೂನ ವಾಪಸ್ ಕೊಟ್ಟೈತೇನ?"

"ಸುಮ್ಮನಿರ್ರಿ. ಗರಾಜಿನ್ಯಾಗ ಇಡ್ತೀನಿ."

"ಗರಾಜಿಗೆ ಶಶಿ ಕಾರು ಬರ್ತದ. ನನ್ನ ಮಂಚದ ಕೆಳಗ ಇಡು."

"ಡಾಕ್ಟರ ಏನಂದಾರ, ಮರತ್ರೇನು?"

"ನಾ ಹುಟ್ಟಿದ ಕ್ವಾಣ್ಯಾಗ ನಮ್ಮವ್ವನ ಹೊರಸಿನ ಕೆಳಗ ಕೋಳಿ ಕಾವಿಗೆ ಕುಂತಿತ್ತಂತ. ನನಗೇನಾತು? ಎಪ್ಪತ್ತಾರು ವರ್ಷ ಬದುಕೀನಿ." ಆತ ಕೈ ನೀಡಿ ಹಾಸಿಗೆಯ ಅಂಚನ್ನು ಎತ್ತಿ ಹಿಡಿದ. "ಇಡು ಬಂಗಾರಿ. ಮರಿ ನೋಡಿ ಕೊಟ್ಟು ಬಿಡೂನು."

ಬಂಗಾರೆವ್ವ ಇಟ್ಟಳು. ಬುಟ್ಟಿಯ ತಳಕ್ಕೆ ಒಣ ಬಟ್ಟೆ ಹಾಕಿ, ತಣ್ಣನೆಯ ಗಾಳಿ ತಾಗದಿರಲೆಂದು ಕಿಟಕಿಯನ್ನು ಭದ್ರವಾಗಿ ಮುಚ್ಚಿದಳು.

ಅಲ್ಲಿಂದ ಮನೆ ಎರಡಾಯಿತು. ಮಹಡಿಯ ಮೇಲೆ ಮೀಟಿಂಗು, ಶಾಲೆ, ಸೋರುವ ಸೂರಿನ ಮಾತು. ಕೆಳಗಿನ ಕೋಣೆಯಲ್ಲಿ ಗಂಡ ಹೆಂಡತಿಯ ಗುಟ್ಟು. ದಿನಾ ಮಧ್ಯಾಹ್ನ ಬಂಗಾರೆವ್ವ ಕೆಂಪಿಯನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ಒಯ್ದು, ಜೋಳದ ನುಚ್ಚು ಹಾಕಿ, ಹೊರಕಡೆ ಮುಗಿಸಿಕೊಂಡ ಮೇಲೆ ತರುತ್ತಿದ್ದಳು. ಗಂಡ ಅಷ್ಟರೊಳಗೆ ಬುಟ್ಟಿಯತ್ತ ಬಾಗಿ ಮೊಟ್ಟೆಗಳನ್ನು ಅಂಗೈಯಿಂದ ಮುಚ್ಚಿಕೊಂಡಿರುತ್ತಿದ್ದ. ತಣ್ಣಗಾಗಬಾರದಲ್ಲ.

ಊಟದ ಹೊತ್ತಿಗೆ ಮಾತು ಎಲ್ಲಿಂದ ಹೊರಟರೂ ಕೋಳಿಗೇ ಬಂದು ನಿಲ್ಲುತ್ತಿತ್ತು. ಅಂಗಡಿಯಲ್ಲಿ ಮೊಟ್ಟೆಯ ಕಪಾಟು ಖಾಲಿ, ಸಿಕ್ಕರೆ ಒಬ್ಬರಿಗೆ ಒಂದೇ ಡಬ್ಬಿ ಎಂದು ನಿವೇದಿತಾ ಹೇಳಿದಳು. ನಮ್ಮ ಕೋಳಿ ಇದ್ದಾಗ ಅಕ್ಕಪಕ್ಕದವರಿಗೂ ಹಂಚುತ್ತಿದ್ದೆವು ಎಂದಳು. ಶಶಿಧರ ತಟ್ಟೆ ನೋಡುತ್ತಾ, ಅಪ್ಪನಿಗಿಂತ ಆಮ್ಲೆಟ್ ದೊಡ್ಡದೇನು ಎಂದ. ತಾನು ಹಾಗೆಂದೆನೇ ಎಂದು ಆಕೆಗೆ ಸಿಟ್ಟು ಬಂತು, ಆತ ಅರ್ಧ ರೊಟ್ಟಿ ಬಿಟ್ಟು ಎದ್ದ. ಬಂಗಾರೆವ್ವ ತಲೆ ಎತ್ತದೆ ಶೇಂಗಾ ಚಟ್ನಿ ಬಡಿಸಿದಳು. ಇನ್ನೊಂದು ದಿನ ನಿವೇದಿತಾ, "ಅತ್ತೆ, ನಿಮ್ಮ ರೂಮಲ್ಲಿ ಏನೋ ವಾಸನೆ, ಸ್ವಲ್ಪ ಕಿಟಕಿ ತೆಗೀಬಾರದಾ?" ಎಂದಳು. ಅವರಿಗೆ ತಂಡಿ ಆಗ್ತದ, ಮೊಣಕಾಲಿಗೆ ಹಚ್ಚೋ ಎಣ್ಣಿ ವಾಸನಿ ಅದು ಎಂದು ಬಂಗಾರೆವ್ವ ಜಾರಿಕೊಂಡಳು.

ಗುಟ್ಟು ಕಂಡುಹಿಡಿದವಳು ಮೊಮ್ಮಗಳು ಸ್ನೇಹಲ್, ಹೈಸ್ಕೂಲಿನ ಹುಡುಗಿ. ಶಾಲೆಯಿಂದ ಬೇಗ ಬಂದವಳು ಅಜ್ಜಿಯ ಸೆರಗಿನಿಂದ ಕೆಂಪು ಬಾಲ ಇಣುಕುವುದನ್ನು ಕಂಡಳು. ಮೊದಲು ಕುಣಿದಳು, ಆಮೇಲೆ ಮುಖ ಗಂಟಿಕ್ಕಿ ಅಜ್ಜನ ಲಂಗ್ಸಿಗೆ ಏನಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕುಂತ ಕೋಳಿಗೆ ಎಲ್ಲೀ ಧೂಳ, ಅಜ್ಜ ಮೊದಲಿಗಿಂತ ಆರಾಮ ಅದಾರ ನೋಡು ಎಂದು ಬಂಗಾರೆವ್ವ ಸಮಾಧಾನ ಮಾಡಿದಳು. ಅಜ್ಜನೇ ಬೆರಳು ತುಟಿಗೆ ಇಟ್ಟುಕೊಂಡು ಕಣ್ಣು ಮಿಟುಕಿಸಿದ. ಹುಡುಗಿ ಓಕೆ ಅಂದಳು. ಆದರೆ ಅಂದಿನಿಂದ ಆಕೆ ಕೋಣೆಗೆ ಬಂದರೆ ಮೊದಲು ಅಜ್ಜನ ಎದೆಯನ್ನೇ ನೋಡುತ್ತಿದ್ದಳು.

ಒಂದು ದಿನ ಬಿರುಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಹೀಟರು ನಿಂತಿತು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಶಶಿಧರ ಕಂಪನಿಯವರನ್ನು ಬೈಯುತ್ತಿದ್ದಾಗ ಸೋಮಲಿಂಗಪ್ಪ, "ಬೈಬ್ಯಾಡೋ. ಯಾವನೋ ಒಬ್ಬಾಂವ ಈ ಮಳ್ಯಾಗ ಕಂಬದ ಮ್ಯಾಲ ಅದಾನ" ಎಂದ. ಆ ಮಾತು ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಮರುದಿನ ಕರೆಂಟು ಬಂದು, ಮುಚ್ಚಿದ ಕೋಣೆಯಲ್ಲಿ ಹೀಟರಿನ ಬಿಸಿಗಾಳಿ ಮಂಚದ ಕೆಳಗಿನ ನೆಲದ ಜಾಲರಿಯಿಂದ ಮೇಲಕ್ಕೆ ಬೀಸುತ್ತಾ ಇರುವಾಗ ಆತನ ತುಟಿ ನೀಲಿಗಟ್ಟಿತು. ಶಶಿಧರ ಅಪ್ಪನನ್ನು ಕಾರಿನವರೆಗೆ ಹೊತ್ತುಕೊಂಡೇ ಹೋದ.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಚ್ಚಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಪ್ರಶ್ನೆಗಳನ್ನು ಕೇಳಿದಳು. ಬಂಗಾರೆವ್ವನಿಗೆ ಇಂಗ್ಲಿಷ್ ಬಾರದು, ಆದರೆ ಮನೆಯ ಮಾತಿನಲ್ಲಿ ಬಂದುಹೋದ ಆ ಒಂದು ಪದ ಆಕೆಗೆ ಗೊತ್ತಿತ್ತು. ಬರ್ಡ್ಸ್. ಶಶಿಧರ ಇಲ್ಲವೆಂದು ತಲೆಯಾಡಿಸಿದ, ಎಲ್ಲ ಕೊಟ್ಟು ಎಷ್ಟೋ ದಿನವಾಯಿತು ಎಂದು ಕೈ ಮಾಡಿ ತೋರಿಸಿದ. ಡಾಕ್ಟರಮ್ಮ ಮತ್ತೊಮ್ಮೆ ಕೇಳಿದಳು. ಆತ ಮತ್ತೊಮ್ಮೆ ಇಲ್ಲವೆಂದ. ಗೋಡೆಗೆ ಒರಗಿ ನಿಂತಿದ್ದ ಸ್ನೇಹಲ್ ಅಜ್ಜಿಯನ್ನೇ ನೋಡುತ್ತಿದ್ದಳು. ಬಂಗಾರೆವ್ವ ಸೆರಗು ಸರಿಮಾಡಿಕೊಂಡಳು.

ಮರುದಿನ ಗಂಡನ ಟೋಪಿ, ಶಾಲು ತರಲು ಮನೆಗೆ ಬಂದಾಗ ಮಂಚದ ಕೆಳಗಿನಿಂದ ಚಿಂವ್ ಚಿಂವ್ ಕೇಳಿಸಿತು. ಏಳರಲ್ಲಿ ಮೂರು ಒಡೆದಿದ್ದವು. ಎರಡು ಹಳದಿ, ಒಂದು ಕಪ್ಪು. ಕೆಂಪಿ ರೆಕ್ಕೆ ಎತ್ತಿ ಅವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಬಂಗಾರೆವ್ವ ನೆಲದ ಮೇಲೆ ಕೂತುಬಿಟ್ಟಳು. ಸ್ನೇಹಲ್ ಬಾಗಿಲಲ್ಲಿ ನಿಂತಿದ್ದಳು. ಎಂದೂ ಇಂಗ್ಲಿಷ್ ಬಿಡದ ಹುಡುಗಿ ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಅಂದಳು, "ಅಜ್ಜಿ, ನೀನು ಹೇಳು. ನೀನು ಹೇಳಿಲ್ಲ ಅಂದ್ರೆ ನಾನು ಹೇಳ್ತೀನಿ. ಬಟ್ ನೀನು ಹೇಳು."

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಕಾಫಿ ಯಂತ್ರದ ಪಕ್ಕದಲ್ಲಿ, ಬಂಗಾರೆವ್ವ ಮಗನಿಗೆ ಎಲ್ಲವನ್ನೂ ಹೇಳಿದಳು. ಶಶಿಧರ ಕೂಗಾಡಬಹುದೆಂದು ನಿವೇದಿತಾ ಅವನ ತೋಳು ಹಿಡಿದುಕೊಂಡಳು. ಆತ ಕೂಗಾಡಲಿಲ್ಲ. ಕೈಯಲ್ಲಿದ್ದ ಲೋಟ ನೋಡುತ್ತಾ ಮೆಲ್ಲಗೆ ಕೇಳಿದ.

"ಬೇಲಿ ಹತ್ರ ಪುಕ್ಕ... ನೀನ ಉದುರಿಸಿದ್ದೇನವ್ವ?"

"ಹೂಂ."

"ಡಾಕ್ಟರ್ ಎರಡು ಸಲ ಕೇಳಿದ್ರು. ನಾ ಎರಡು ಸಲ ಇಲ್ಲ ಅಂದೆ. ನೀ ಬಾಜೂಕ ನಿಂತಿದ್ದಿ."

ಆತ ಲೋಟವನ್ನು ಕಸದ ಡಬ್ಬಿಗೆ ಹಾಕಿ ಡಾಕ್ಟರಮ್ಮನನ್ನು ಹುಡುಕಿಕೊಂಡು ಹೋದ. ಆಮೇಲೆ ಬಹಳ ದಿನ ತಾಯಿಯ ಜೊತೆ ಮಾತಾಡಲಿಲ್ಲ. ಇಡು ಅಂದವನು ನಾನು ಎಂದು ಸೋಮಲಿಂಗಪ್ಪ ಉಸಿರಿನ ನಡುವೆ ಹೇಳಿದ. ಹೆಂಡತಿಯನ್ನು ಕಾಯಲು ಹಾಗನ್ನುತ್ತಾನೆಂದು ಮಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಔಷಧಿ ಕೊಟ್ಟರು. ಎದೆ ಮೊದಲೇ ಗಟ್ಟಿಯಾಗಿತ್ತು, ಈ ಎರಡು ವಾರದ ಪಾಲು ಎಷ್ಟೆಂದು ಹೇಳಲು ಬರುವುದಿಲ್ಲ ಎಂದರಂತೆ. ಆಮ್ಲಜನಕದ ಯಂತ್ರದ ಜೊತೆ ಮನೆಗೆ ಕಳಿಸಿದರು. ಎಷ್ಟು ದಿನ ಎಂದು ಶಶಿಧರ ಕೇಳಿದ್ದು, ಅವರು ಹೇಳಿದ್ದು, ಆತ ಯಾರಿಗೂ ತರ್ಜುಮೆ ಮಾಡಲಿಲ್ಲ.

ಕೋಣೆಯನ್ನು ಆಳು ಕರೆಸಿ ತೊಳೆಸಿದರು, ಜಮಖಾನೆ ಕಿತ್ತು ಎಸೆದರು. ಕೆಂಪಿಯನ್ನೂ ಮರಿಗಳನ್ನೂ ಲಿವರ್‌ಮೋರಿಗೆ ಒಯ್ಯಲು ಪೆಟ್ಟಿಗೆ ಸಿದ್ಧವಾಯಿತು. ಆಗ ಸೋಮಲಿಂಗಪ್ಪ ಮಗನ ಕೈ ಹಿಡಿದುಕೊಂಡ. ಮರಿ ನೋಡಲಿಲ್ಲ ನಾನು ಎಂದ. ಅಷ್ಟೇ ಅಂದದ್ದು.

ಪೆಟ್ಟಿಗೆ ಕಾರು ಹತ್ತಲಿಲ್ಲ. ಮರಿ ಸ್ವಲ್ಪ ಬಲಿಯುವ ತನಕ ಆ ಮಳೆಯಲ್ಲಿ ತಂದು ತೋರಿಸುವ ಹಾಗಿರಲಿಲ್ಲ. ಹಿತ್ತಲಿನ ಕೊನೆಯಲ್ಲಿದ್ದ ಅಪ್ಪನ ಹಳೇ ಗೂಡನ್ನು ಶಶಿಧರ ಆಫೀಸಿಗೆ ರಜೆ ಹಾಕಿ ರಿಪೇರಿ ಮಾಡಿದ. ತಾಯಮ್ಮ ಫೋನಿನಲ್ಲಿ ಹೇಳಿಕೊಟ್ಟಂತೆ ಇಟ್ಟಿಗೆಯ ಮೇಲೆ ಎತ್ತರಿಸಿದ, ಒಣ ಹುಲ್ಲು ಹಾಸಿದ, ಮಳೆ ಬೀಳದಂತೆ ಟಾರ್ಪಾಲು ಹೊದಿಸಿ ಮೇಲೆ ಗಾಳಿಗೆ ಸಂದು ಬಿಟ್ಟ. ಪೂರಾ ಮುಚ್ಚಿದರೆ ಒಳಗೇ ಬೆವೆತು ಸಾಯುತ್ತವೆ ಎಂದಿದ್ದರು ತಾಯಮ್ಮ. ಕೋಳಿ ನೋಡಿಕೊಳ್ಳುವ ಕೆಲಸ ಬಂಗಾರೆವ್ವನದು. ಅದಕ್ಕೆ ನಿವೇದಿತಾ ಕಟ್ಟುಪಾಡು ಮಾಡಿದಳು. ಕೋಳಿಯ ಕೆಲಸಕ್ಕೆ ಬೇರೆ ಸೀರೆ, ಅದು ಗರಾಜಿನ ಮೊಳೆಯ ಮೇಲೆ. ಕೆಲಸ ಮುಗಿದರೆ ಗರಾಜಿನ ಪಕ್ಕದ ಬಚ್ಚಲಲ್ಲಿ ತಲೆಗೆ ಸ್ನಾನ. ಒಗೆದ ಸೀರೆ ಉಟ್ಟ ಮೇಲೆಯೇ ಮಾವನ ಕೋಣೆ. ಆ ತಿಂಗಳು ನಿವೇದಿತಾ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದಳು. ಮೀಟಿಂಗಿನ ನಡುವೆ ಎದ್ದು ಬಂದು, ಬಚ್ಚಲಿನ ಬಾಗಿಲ ಸಂದಿಯಿಂದ ಒಗೆದ ಸೀರೆ ಕೊಟ್ಟು ಹೋಗುತ್ತಿದ್ದಳು. ಬೈಗುಳವೂ ಇಲ್ಲ, ಸಮಾಧಾನದ ಮಾತೂ ಇಲ್ಲ. ಒಂದು ದಿನವೂ ಸೀರೆ ತಪ್ಪಲಿಲ್ಲ.

ಒಂದು ಹಳದಿ ಮರಿ ಆಲಿಕಲ್ಲಿನ ಮಳೆಯ ದಿನ ನೆನೆದು ಸತ್ತಿತು. ಉಳಿದವು ಎರಡು.

ಫೆಬ್ರವರಿಯ ಕೊನೆಯಲ್ಲಿ ಕೋಣೆಯ ಕಿಟಕಿಯಿಂದ ಕಾಣುವ ಡಯಾಬ್ಲೊ ಬೆಟ್ಟ ಬೆಳ್ಳಗಾಯಿತು. ಇಷ್ಟು ಕೆಳಗಿನವರೆಗೆ ಹಿಮ ಬಿದ್ದದ್ದನ್ನು ಅಕ್ಕಪಕ್ಕದವರು ರಸ್ತೆಗೆ ಬಂದು ನೋಡಿದರು, ಫೋಟೋ ತೆಗೆದರು. ಡ್ಯಾನ್‌ವಿಲ್ಲಿನಲ್ಲಿ ಮಳೆಯ ಜೊತೆ ಹಿಮದ ಚೂರು ಬೀಳುತ್ತಿತ್ತು. ಬಂಗಾರೆವ್ವ ಗಂಡನನ್ನು ದಿಂಬಿಗೆ ಆನಿಸಿ ಬೆಟ್ಟ ತೋರಿಸುತ್ತಿದ್ದಳು. ಅಷ್ಟರಲ್ಲಿ ಕಿಟಕಿಯ ಆಚೆ ಶಶಿಧರ ಬಂದು ನಿಂತ. ತಲೆಯ ಮೇಲೆ ಕೊಡೆ ಇಲ್ಲ. ಕೊಡೆಯನ್ನು ಸ್ನೇಹಲ್ ಬುಟ್ಟಿಯ ಮೇಲೆ ಹಿಡಿದಿದ್ದಳು. ಆತ ಬುಟ್ಟಿಯನ್ನು ಗಾಜಿನ ಹತ್ತಿರ ಎತ್ತಿ ಹಿಡಿದ. ಒಳಗೆ ಕೆಂಪಿ, ಅದರ ರೆಕ್ಕೆಯ ಅಡಿಯಿಂದ ಎರಡು ಪುಟ್ಟ ತಲೆ. ರೆಕ್ಕೆಯ ಎಳೆಪುಕ್ಕ ಆಗಲೇ ಮೂಡಿತ್ತು.

ಸೋಮಲಿಂಗಪ್ಪ ನೋಡಿದ. ನೋಡುತ್ತಲೇ ಇದ್ದ. ಮೂಗಿನ ಕೊಳವೆ ಸರಿಸಿ ಏನೋ ಅಂದ, ಹೊರಗಿನವರಿಗೆ ಕೇಳಿಸುವ ಹಾಗಿರಲಿಲ್ಲ.

"ಆ ಕರೀದು ಹುಂಜ ಆಕ್ಕೈತಿ ನೋಡು. ಕಾಲು ನೋಡು ಅದರದು." ಸ್ವಲ್ಪ ದಣಿವಾರಿಸಿಕೊಂಡು, "ಶಶಿಗೆ ಒಳಗ ಬಾ ಅನ್ನು. ತೊಯ್ಸಿಕೊಳ್ಳಾಕತ್ತಾನ."

ಬಂಗಾರೆವ್ವ ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಒಳಗೆ ಬರುವಂತೆ ಕೈ ಮಾಡಿದಳು. ಶಶಿಧರ ಬರುವುದಿಲ್ಲವೆಂದು ತಲೆಯಾಡಿಸಿದ. ಅಪ್ಪ ಸಾಕು ಅನ್ನುವ ತನಕ ಬುಟ್ಟಿ ಇಳಿಸಲಿಲ್ಲ.

ಅದಾದ ಮುಂದಿನ ವಾರ ಸೋಮಲಿಂಗಪ್ಪ ತೀರಿಕೊಂಡ. ಚಹ ತರುವಷ್ಟರಲ್ಲಿ ಆಗಿಹೋಗಿತ್ತು. ಯಂತ್ರ ಮಾತ್ರ ಉಸಿರು ಬಿಡುತ್ತಲೇ ಇತ್ತು, ನಿವೇದಿತಾ ಬಂದು ನಿಲ್ಲಿಸಿದಳು. ವೆಂಕಟೇಶ ಬಂದ, ತಾಯಮ್ಮ ಬಂದು ಬಂಗಾರೆವ್ವನ ಪಕ್ಕ ಕೂತರು. ಮನೆಯ ತುಂಬಾ ಜನ ಓಡಾಡುವಾಗ ನೋಡಿಕೊಳ್ಳುವವರಿಲ್ಲವೆಂದು ಕೆಂಪಿಯನ್ನೂ ಮರಿಗಳನ್ನೂ ಅವರೇ ಕಾರಿನಲ್ಲಿ ಒಯ್ದರು. ಕರ್ಮಗಳು ಮುಗಿದವು. ಮಳೆ ನಿಂತು ಎದುರಿನ ಬೆಟ್ಟಗಳೆಲ್ಲ ಹಸಿರಾದವು.

ಯುಗಾದಿ ಕಳೆದ ಮೇಲೆ ಒಂದು ಶನಿವಾರ ಶಶಿಧರ ತಾಯಿಯ ಎದುರು ಬಂದು ಕೂತ. ಆಕೆ ಹೆಸರುಬೇಳೆ ಆರಿಸುತ್ತಿದ್ದಳು. ಆತನೂ ತಟ್ಟೆಗೆ ಕೈ ಹಾಕಿ ಕಲ್ಲು ಹುಡುಕತೊಡಗಿದ. ಇಲ್ಲಿನ ಬೇಳೆಯಲ್ಲಿ ಕಲ್ಲು ಇರುವುದಿಲ್ಲ, ಇಬ್ಬರಿಗೂ ಗೊತ್ತಿತ್ತು.

"ಕಪ್ಪು ಮರಿ ಕೂಗಲಿಕ್ಕೆ ಕಲಿಯಾಕತ್ತೈತಂತ. ವೆಂಕಟೇಶ ಹೇಳಿದ. ಅದು ಅಲ್ಲೇ ಇರ್ಲಿ. ಕೆಂಪಿನ್ನ ತರ್ಲೇನವ್ವ? ಸ್ನೇಹಲ್ ದಿನಾ ಕೇಳ್ತಾಳ. ಈಗ ಹೆಂಗೂ ಮನ್ಯಾಗ ಯಾರಿಗೂ ತೊಂದ್ರಿ..." ಆತನ ಕೈ ಬೇಳೆಯ ಮೇಲೆ ಹಾಗೇ ಉಳಿಯಿತು.

"ನಿಮ್ಮಪ್ಪ ಮೊದಲಽ ಹೇಳಿದ್ದ ನನಗ," ಎಂದಳು ಬಂಗಾರೆವ್ವ. "ಕಾಲು ನೋಡಿ ಹುಂಜ ಅಂದಿದ್ದ."

ಶಶಿಧರ ತಾಯಿಯ ಮಡಿಲಿಗೆ ತಲೆ ಇಟ್ಟುಬಿಟ್ಟ. ತಟ್ಟೆ ಓರೆಯಾಗಿ ಬೇಳೆ ಚೆಲ್ಲಿತು. ಆಕೆ ಚೆಲ್ಲಿದ್ದನ್ನು ಬಳಿಯಲಿಲ್ಲ, ಅವನ ಕೂದಲಿನಲ್ಲಿ ಕೈಯಾಡಿಸುತ್ತಾ ಕೂತಳು.

ಕೆಂಪಿ ಹಳದಿ ಹೇಟೆಮರಿಯ ಜೊತೆ ಹಿತ್ತಲಿಗೆ ಮರಳಿತು. ಮೊದಲನೆಯ ದಿನ ಸ್ನೇಹಲ್ ಮತ್ತು ಬಂಗಾರೆವ್ವ ಇಬ್ಬರೂ ಸೇರಿ ಗೂಡಿನ ಹುಲ್ಲು ಬದಲಿಸಿದರು, ನುಚ್ಚು ಹಾಕಿದರು. ಕೆಲಸ ಮುಗಿಸಿ ಬಂಗಾರೆವ್ವ ಅಡುಗೆಮನೆಯ ಬಾಗಿಲಿಗೆ ಬರಲಿಲ್ಲ. ಮನೆಯನ್ನು ಸುತ್ತು ಹಾಕಿಕೊಂಡು ಗರಾಜಿಗೆ ಹೋದಳು. ಬಚ್ಚಲಿನ ನಲ್ಲಿ ಬಿಟ್ಟ ಸದ್ದು ಕೇಳಿ ನಿವೇದಿತಾ ಎದ್ದು ಬಂದಳು.

"ಅತ್ತೆ, ಈಗ ಅದೆಲ್ಲ ಏನೂ..." ಎಂದವಳು ತಡೆದು ನಿಂತಳು.

ಒಳಗೆ ತಲೆಯ ಮೇಲೆ ನೀರು ಸುರಿಯುವ ಸದ್ದು. ನಿವೇದಿತಾ ಮಹಡಿ ಹತ್ತಿ, ಒಗೆದು ಮಡಿಸಿಟ್ಟ ಸೀರೆಗಳಲ್ಲಿ ಒಂದನ್ನು ತಂದಳು. ಬಾಗಿಲ ಸಂದಿಯಿಂದ ಒದ್ದೆ ಕೈ ಹೊರಗೆ ಬಂತು. ಆಕೆ ಸೀರೆ ಕೊಟ್ಟಳು.

ಬಂಗಾರೆವ್ವ ಅದನ್ನು ಉಟ್ಟು, ತಲೆ ಒರೆಸಿಕೊಂಡು, ಕೆಳಗಿನ ಕೋಣೆಯ ಬಾಗಿಲನ್ನು, ಒಳಗೆ ಗಂಡ ಇನ್ನೂ ಮಲಗಿದ್ದಾನೆಂಬಂತೆ, ಸದ್ದಾಗದ ಹಾಗೆ ನೂಕಿ ಒಳಗೆ ಹೋದಳು.